24 ವರ್ಷದ ಉದ್ದನೆಯ ಆಟಗಾರ: ಕ್ಲಬ್ ಎಡವಿತಾ?

ಪ್ರಶ್ನೆ: ಸರ್, ನಾವು ಮೆಲ್ಬರ್ನ್‌ನ ಟಾರ್ನೀಟ್‌ಗೆ ಬಂದು ಆರು ವರ್ಷ ಆಯಿತು. ಮಗನ ದೆಸೆಯಿಂದ ಫೂಟಿ ಹುಚ್ಚು ನನಗೂ ಹತ್ತಿದೆ. ನಮ್ಮ ಕ್ಲಬ್ (ಹೆಸರು ಬೇಡ, ಭಾವನೂ ಇದನ್ನು ಓದುತ್ತಾರೆ) ಎಎಫ್‌ಎಲ್ ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ 24 ವರ್ಷದ, 203 ಸೆಂ.ಮೀ. ಎತ್ತರದ ಒಬ್ಬ ರಕ್‌ಮನ್‌ನನ್ನು ತಗೊಂಡಿತು. ಅವತ್ತಿನಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ. ‘ಆರು ವರ್ಷ 18 ಕ್ಲಬ್ಬೂ ಬೇಡ ಅಂದವನು ಈಗ ಹೇಗೆ ಚಿನ್ನವಾದ? ಆ ಜಾಗಕ್ಕೆ 18ರ ಹುಡುಗ ಒಬ್ಬ ಬರಬಹುದಿತ್ತು’ ಅನ್ನುವುದು ಭಾವನ ವಾದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಗಾದೆ ಬೇರೆ. ನನಗೇನೋ ಇದು ಒಳ್ಳೆಯ ಆಯ್ಕೆ ಅನ್ನಿಸುತ್ತದೆ. ಯಾಕೆ ಅಂತ ಹೇಳಲು ಬರುತ್ತಿಲ್ಲ. ಮಗ ಅವನ ನಂಬರನ್ನೇ ಜೆರ್ಸಿ ಮೇಲೆ ಹಾಕಿಸು ಅಂತ ಹಟ ಹಿಡಿದಿದ್ದಾನೆ. ಹಾಕಿಸಲಾ?

ಉತ್ತರ: ಭಾವನಿಗೆ ನನ್ನ ನಮಸ್ಕಾರ ಹೇಳಿ. ಆರು ವರ್ಷ ಬೇಡವಾದವನು ಈಗ ಯಾಕೆ ಬೇಕಾದ? ಬಹಳ ಒಳ್ಳೆಯ ಪ್ರಶ್ನೆ. ಅವರು ಅದನ್ನು ಬೈಗುಳದ ಹಾಗೆ ಬಳಸುತ್ತಿದ್ದಾರೆ, ಅದೊಂದೇ ತಕರಾರು. ನಿಜವಾದ ಪ್ರಶ್ನೆ ಅಂತ ತಗೊಂಡು ಉತ್ತರ ಹುಡುಕಿದರೆ ಅರ್ಧ ಜಗಳ ಮುಗಿಯುತ್ತದೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಮೊದಲು ಎರಡು ಮಾತು. ಫೂಟಿ ಅಂದರೆ ಆಸ್ಟ್ರೇಲಿಯದವರದೇ ಆದ ಫುಟ್‌ಬಾಲ್, ಎಎಫ್‌ಎಲ್ ಅದರ ಅತಿ ದೊಡ್ಡ ಲೀಗ್. ಕ್ಲಬ್‌ಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. ಐಪಿಎಲ್ ಹರಾಜು ನೋಡಿದವರಿಗೆ ಇಲ್ಲಿಯ ಡ್ರಾಫ್ಟ್ ವಿಚಿತ್ರ ಅನ್ನಿಸುತ್ತದೆ. ಯಾರೂ ದುಡ್ಡು ಕೂಗುವುದಿಲ್ಲ. ಕಳೆದ ಸೀಸನ್‌ನಲ್ಲಿ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ, ಕಪ್ ಗೆದ್ದವರ ಸರದಿ ಎಲ್ಲರಿಗಿಂತ ಹಿಂದೆ. 1986ರಲ್ಲಿ ಶುರುವಾದ ಪದ್ಧತಿ ಇದು. ಡ್ರಾಫ್ಟ್ ನಡೆಯುವ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವ ಹುಡುಗರು ಹೆಸರು ಕೊಡಬಹುದು. ಅವತ್ತು ಯಾರೂ ಕರೆಯದೆ ಬಿಟ್ಟುಹೋದವರು ಮೆಲ್ಬರ್ನ್ ಕಡೆಯ ವಿಎಫ್‌ಎಲ್‌ನಲ್ಲೋ, ಅಡಿಲೇಡ್‌ನ ಎಸ್‌ಎಎನ್‌ಎಫ್‌ಎಲ್‌ನಲ್ಲೋ, ಪರ್ತ್‌ನ ಡಬ್ಲ್ಯೂಎಎಫ್‌ಎಲ್‌ನಲ್ಲೋ, ಅಂದರೆ ಒಂದು ಮೆಟ್ಟಿಲು ಕೆಳಗಿನ ಲೀಗ್‌ಗಳಲ್ಲಿ ಆಡುತ್ತಾ ಇರುತ್ತಾರೆ. ಇಪ್ಪತ್ತು ದಾಟಿದ ಮೇಲೆ ಅವರಲ್ಲಿ ಯಾರನ್ನಾದರೂ ಕರೆದರೆ ಅವನಿಗೆ ‘ಮೆಚ್ಯೂರ್-ಏಜ್’ ಅನ್ನುವ ಹಣೆಪಟ್ಟಿ. 24ಕ್ಕೇ ವಯಸ್ಸಾಯಿತು ಅಂತ ಅರ್ಥ! ಪ್ರವೀಣ್ ತಾಂಬೆ 41ನೇ ವಯಸ್ಸಿನಲ್ಲಿ ಮೊದಲ ಐಪಿಎಲ್ ಪಂದ್ಯ ಆಡಿದ್ದನ್ನು ನೋಡಿದ ನಮಗೆ ನಗು ಬರಬೇಕು, ಅಲ್ವಾ?

ಇನ್ನು ರಕ್‌ಮನ್. ಅಂಪೈರ್ ಚೆಂಡನ್ನು ಮೇಲಕ್ಕೆ ಹಾಕಿದಾಗ ಎರಡೂ ಕಡೆಯಿಂದ ಒಬ್ಬೊಬ್ಬ ಹಾರಿ, ತನ್ನವರ ಕಡೆಗೆ ಅದನ್ನು ತಟ್ಟುತ್ತಾನಲ್ಲ, ಅವನೇ. ತಂಡದಲ್ಲಿ ಎಲ್ಲರಿಗಿಂತ ಉದ್ದ ಇರುವವನಿಗೆ ಸಾಮಾನ್ಯವಾಗಿ ಈ ಕೆಲಸ.

ಈ ಕೆಲಸಕ್ಕೆ 18ರ ಮೈ ಸಾಲದು. ಎರಡು ಮೀಟರ್ ಬೆಳೆದ ಹುಡುಗ ಆ ವಯಸ್ಸಿನಲ್ಲಿ ನುಗ್ಗೆಕಾಯಿಯ ಹಾಗೆ ಇರುತ್ತಾನೆ. ಮೂಳೆ ಮೊದಲು ಬೆಳೆಯುತ್ತದೆ, ಮಾಂಸ ಆಮೇಲೆ ಬರುತ್ತದೆ, ಆ ಉದ್ದದ ಮೈಯನ್ನು ಆಡಿಸುವ ಹದ ಎಲ್ಲಕ್ಕಿಂತ ಕೊನೆಗೆ ಕೂಡಿಬರುತ್ತದೆ. ಮೆಲ್ಬರ್ನ್ ಕ್ಲಬ್‌ನ ಮ್ಯಾಕ್ಸ್ ಗಾನ್‌ನನ್ನೇ ನೋಡಿ. 2009ರ ಡ್ರಾಫ್ಟ್‌ನಲ್ಲಿ 34ನೇ ಆಯ್ಕೆ. ಮೊದಲ ಪಂದ್ಯ 2011ರಲ್ಲಿ. ನಡುವೆ ಮಂಡಿಯ ಕಾಟ. ವರ್ಷದ ಶ್ರೇಷ್ಠರ ತಂಡವಾದ ಆಲ್-ಆಸ್ಟ್ರೇಲಿಯನ್‌ನಲ್ಲಿ ಮೊದಲ ಸಲ ಹೆಸರು ಬಂದಿದ್ದು 2016ರಲ್ಲಿ. 2021ರಲ್ಲಿ ಆ ಕ್ಲಬ್ 57 ವರ್ಷದ ಮೇಲೆ ಕಪ್ ಗೆದ್ದಾಗ ನಾಯಕ ಅವನೇ. ಕಾದಿದ್ದು ಸಾರ್ಥಕ ಆಯಿತು, ನಿಜ. ಆದರೆ ಎಷ್ಟು ಕಾದರು ನೋಡಿ!

ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಸಸಿ ನೆಟ್ಟರೆ ನೀರು, ಗೊಬ್ಬರ ಕೊಟ್ಟು ಐದಾರು ವರ್ಷ ಕಾಯಬೇಕು. ನಡುವೆ ಕೆಲವು ಸತ್ತೇ ಹೋಗುತ್ತವೆ. ನಿಮ್ಮ ಕ್ಲಬ್ ಮಾಡಿದ್ದು ಫಸಲಿಗೆ ಬಂದ ತೋಟ ಕೊಂಡ ಹಾಗೆ. ತೋಟ ಚಿಕ್ಕದಿರಬಹುದು. ಕಾಯಿ ಬಿಡುತ್ತಿದೆಯಾ ಇಲ್ವಾ ಅನ್ನುವುದು ಮಾತ್ರ ಬೇಲಿ ಆಚೆಯಿಂದಲೇ ಕಾಣುತ್ತದೆ. ಆರು ವರ್ಷದ ಗೊಬ್ಬರದ ಖರ್ಚು ಬೇರೆಯವರದು!

‘ಚಿಕ್ಕ ವಯಸ್ಸಿನವನನ್ನು ತಗೊಂಡರೆ ನಷ್ಟ ಇಲ್ಲ’ ಅನ್ನುವ ಭಾವನ ನಂಬಿಕೆಗೆ ನನ್ನ ಬಳಿ ಮೂರು ಹೆಸರಿವೆ. 2011ರಲ್ಲಿ ಜಾನ್ ಪ್ಯಾಟನ್, 2013ರಲ್ಲಿ ಟಾಮ್ ಬಾಯ್ಡ್, 2014ರಲ್ಲಿ ಪ್ಯಾಡಿ ಮೆಕಾರ್ಟಿನ್. ಮೂವರೂ ಎತ್ತರದ ಫಾರ್ವರ್ಡ್‌ಗಳು. ಮೂವರೂ ತಮ್ಮ ವರ್ಷದ ಮೊಟ್ಟಮೊದಲ ಆಯ್ಕೆ, ಅಂದರೆ ದೇಶದ ಅಷ್ಟೂ ಹುಡುಗರಲ್ಲಿ ನಂಬರ್ ಒಂದು. ಮೂವರಲ್ಲಿ ಒಬ್ಬನೂ 100 ಪಂದ್ಯ ಮುಟ್ಟಲಿಲ್ಲ. ಪ್ಯಾಟನ್‌ಗೆ ಮಂಡಿ ಕೈಕೊಟ್ಟಿತು. ಮೆಕಾರ್ಟಿನ್‌ಗೆ ತಲೆಗೆ ಪೆಟ್ಟಿನ ಮೇಲೆ ಪೆಟ್ಟು. ಬಾಯ್ಡ್ 2016ರ ಫೈನಲ್‌ನಲ್ಲಿ ಮೂರು ಗೋಲು ಹೊಡೆದು ವೆಸ್ಟರ್ನ್ ಬುಲ್‌ಡಾಗ್ಸ್‌ಗೆ ಕಪ್ ತಂದುಕೊಟ್ಟ, 23ಕ್ಕೇ ಆಟ ಬಿಟ್ಟ. ಇವರು ಕೆಟ್ಟ ಆಟಗಾರರು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು. ಬೆಳೆಯುತ್ತಿರುವ ಉದ್ದನೆಯ ಮೈ ಮೇಲೆ ಏನೇ ಲೆಕ್ಕ ಹಾಕಿದರೂ ಅದು ಜೂಜು. ನಂಬರ್ ಒಂದರಲ್ಲೇ ಹೀಗಾದರೆ 60ರ ಆಸುಪಾಸಿನಲ್ಲಿ ಉಳಿಯುವ ಉದ್ದನೆಯ ಹುಡುಗನ ಕಥೆ ಏನು? ಆ ಹೊತ್ತಿಗೆ ಎಷ್ಟೋ ಕ್ಲಬ್‌ಗಳು ಯಾರೂ ಬೇಡ, ‘ಪಾಸ್’ ಅಂದುಬಿಡುತ್ತವೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಹಲವು ವರ್ಷ ಇಲ್ಲಿಯ ಸಣ್ಣ ಕ್ಲಬ್ ಒಂದಕ್ಕೆ ಆಟಗಾರರನ್ನು ನೋಡಿ ಬರುವ ಕೆಲಸ ಮಾಡಿದ್ದೆ. ಒಬ್ಬ 17ರ ಹುಡುಗ. ಓಡುವಾಗ ಮೊಣಕಾಲು ಒಂದಕ್ಕೊಂದು ತಾಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ‘ತೀರಾ ತೆಳು, ಬೇಡ’ ಅಂತ ಬರೆದು ಕಾಫಿ ಕುಡಿಯಲು ಹೋದೆ. ಮೂರೋ ನಾಲ್ಕೋ ವರ್ಷ ಆದ ಮೇಲೆ ಅವನು ಎದುರಾಳಿ ತಂಡದಲ್ಲಿ ಬಂದ. ಬೌಂಡರಿ ಗೆರೆಯ ಪಕ್ಕ ಚೆಂಡು ಒಳಕ್ಕೆ ಎಸೆಯುವಾಗ ನಾನು ಬೇಲಿಗೆ ಒರಗಿ ನಿಂತಿದ್ದೆ. ನಮ್ಮ ರಕ್‌ಮನ್ ಅವನ ಎದೆಗೆ ಭುಜ ಕೊಟ್ಟು ನೂಕಿದ. ಹುಡುಗ ಅಲ್ಲಾಡಲಿಲ್ಲ. ಸೊಂಟ ಒಂದು ಚೂರು ಇಳಿಸಿದ, ಎಡಗೈಯಿಂದ ನಮ್ಮವನನ್ನು ಹಿಂದೆಯೇ ತಡೆದು ಹಿಡಿದ, ಬಲಗೈ ಎತ್ತಿ ಎರಡೇ ಬೆರಳಲ್ಲಿ ಚೆಂಡನ್ನು ತಟ್ಟಿದ. ಅದು ಓಡಿ ಬರುತ್ತಿದ್ದ ಅವರ ಕಡೆಯವನ ಅಂಗೈಗೆ ಹೋಗಿ ಕೂತಿತು. ನಮ್ಮವನು ಕೆಸರಲ್ಲಿ. ಆ ನೋಟ್‌ಬುಕ್ ಈಗಲೂ ಮನೆಯಲ್ಲಿದೆ.

ಹಾಗಾಗಿ ಭಾವನ ಗಾದೆ ಇಲ್ಲಿ ಹೊಂದುವುದಿಲ್ಲ. ಬಗ್ಗಿಸಲು ಯಾರೂ ಪ್ರಯತ್ನ ಪಟ್ಟೇ ಇರಲಿಲ್ಲ, ಅಷ್ಟೇ.

ಈಗ ಆ ಮುಖ್ಯ ಪ್ರಶ್ನೆ: 18ರಲ್ಲಿ ಯಾಕೆ ಬಿಟ್ಟರು? ಇದಕ್ಕೆ ಸಿಗುವ ಉತ್ತರದ ಮೇಲೆ ಎಲ್ಲ ನಿಂತಿದೆ. ತಡವಾಗಿ ಉದ್ದ ಆದ, ಒಂದು ವರ್ಷ ಗಾಯದಿಂದ ಕೂತ, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ, ತಪ್ಪು ಜಾಗದಲ್ಲಿ ಆಡಿಸುತ್ತಿದ್ದರು. ಇವೆಲ್ಲ ಒಳ್ಳೆಯ ಕಾರಣಗಳು, ಕಾಲ ಕಳೆದ ಹಾಗೆ ಸರಿಹೋಗುವಂಥವು. ಓಡಲಾರ, ಎರಡನೇ ಸಲ ನೆಗೆಯಲಾರ, ಬಿದ್ದ ಚೆಂಡಿಗೆ ಬಗ್ಗಲಾರ ಅಂತಾದರೆ 24ರಲ್ಲೂ ಅದೇ ಕಥೆ.

ಒಳ್ಳೆಯ ಕಾರಣಕ್ಕೆ ಉದಾಹರಣೆ ಬೇಕಾದಷ್ಟಿವೆ. ಬ್ರೋಡಿ ಮಿಹೋಚೆಕ್ ವಿಎಫ್‌ಎಲ್‌ನ ಪೋರ್ಟ್ ಮೆಲ್ಬರ್ನ್ ಕ್ಲಬ್‌ನಲ್ಲಿ ಡಿಫೆಂಡರ್ ಆಗಿ ಆಡುತ್ತಿದ್ದ. 2017ರ ಕೊನೆಗೆ, 24ನೇ ವಯಸ್ಸಿನಲ್ಲಿ ಕಾಲಿಂಗ್‌ವುಡ್‌ನ ರೂಕಿ ಲಿಸ್ಟ್‌ಗೆ ಬಂದ. ರೂಕಿ ಲಿಸ್ಟ್ ಅಂದರೆ ತಂಡದ ಹಿತ್ತಿಲ ಬಾಗಿಲು. ಕ್ಲಬ್ ಅವನನ್ನು ಮುಂದಕ್ಕೆ ಕಳಿಸಿ ಫಾರ್ವರ್ಡ್ ಮಾಡಿತು. 2018ರಲ್ಲೇ ಫೈನಲ್ ಆಡಿದ, 2023ರಲ್ಲಿ ಕಪ್ ಗೆದ್ದ. ಅದೇ 2023ರ ತಂಡದಲ್ಲಿ ಮೇಸನ್ ಕಾಕ್ಸ್ ಅನ್ನುವ ಅಮೆರಿಕದವನೂ ಇದ್ದ. 211 ಸೆಂ.ಮೀ. ಉದ್ದ. ಕಾಲೇಜಿನಲ್ಲಿ ಆಡಿದ್ದು ಬ್ಯಾಸ್ಕೆಟ್‌ಬಾಲ್. ಇಪ್ಪತ್ತು ದಾಟುವ ತನಕ ಈ ಆಟದ ಗಂಧಗಾಳಿ ಅವನಿಗೆ ಇರಲಿಲ್ಲ. ಜೀಲಾಂಗ್‌ನ ಡಿಫೆಂಡರ್ ಟಾಮ್ ಸ್ಟೀವರ್ಟ್ 2016ರಲ್ಲಿ 40ನೇ ಆಯ್ಕೆ, ವಯಸ್ಸು 23. ಮುಂದೆ ಮತ್ತೆ ಮತ್ತೆ ಆಲ್-ಆಸ್ಟ್ರೇಲಿಯನ್ ಆದ.

ನನಗೆ ಇಷ್ಟವಾದ ಕಥೆ ಜೇಮ್ಸ್ ಪಾಡ್ಸಿಯಾಡ್ಲಿಯದು. ಅದು ನಿಮ್ಮ ಮನೆ ಹತ್ತಿರದ್ದು ಬೇರೆ. ಟಾರ್ನೀಟ್‌ನಿಂದ ಕಾರು ಹತ್ತಿದರೆ ಸ್ವಲ್ಪ ದೂರಕ್ಕೇ ವೆರಿಬೀಯ ಚರ್ನ್‌ಸೈಡ್ ಪಾರ್ಕ್. ಅಲ್ಲಿಯ ವೆರಿಬೀ ಕ್ಲಬ್ಬಿಗೆ ವಿಎಫ್‌ಎಲ್‌ನಲ್ಲಿ ಆಡುತ್ತಿದ್ದ ಫಾರ್ವರ್ಡ್ ಅವನು. ಎಸೆಂಡನ್, ಕಾಲಿಂಗ್‌ವುಡ್ ಎರಡೂ ಕ್ಲಬ್‌ಗಳು ಅವನನ್ನು ರೂಕಿ ಲಿಸ್ಟ್‌ನಲ್ಲಿ ಇಟ್ಟುಕೊಂಡು ಕೈಬಿಟ್ಟಿದ್ದವು. ಆಮೇಲೆ ಜೀಲಾಂಗ್‌ನಲ್ಲಿ ಆಟಗಾರರಿಗೆ ಕಸರತ್ತು ಮಾಡಿಸುವ ಕೆಲಸಕ್ಕೆ ಸೇರಿದ. ಒಂದು ದಿನ ಕ್ಲಬ್ಬಿನವರಿಗೆ ಹೊಳೆಯಿತು: ಹುಡುಗರಿಗೆ ತಾಲೀಮು ಮಾಡಿಸುವವನೇ ಅವರಿಗಿಂತ ಗಟ್ಟಿ ಇದ್ದಾನಲ್ಲ! 2009ರ ಕೊನೆಯಲ್ಲಿ ರೂಕಿ ಡ್ರಾಫ್ಟ್‌ನಲ್ಲಿ ತಗೊಂಡರು. ವಯಸ್ಸು 28. 2010ರಲ್ಲಿ ಮೊದಲ ಪಂದ್ಯ, 2011ರಲ್ಲಿ ಕಪ್. ಆ ಫೈನಲ್‌ನ ನಡುವೆಯೇ ಭುಜ ಜಾರಿ ಹೊರಗೆ ಬಂದ, ಅದು ಬೇರೆ ಮಾತು. ಮುಂದೆ ಅಡಿಲೇಡ್‌ಗೂ ಆಡಿ ಒಟ್ಟು ನೂರಕ್ಕೂ ಜಾಸ್ತಿ ಪಂದ್ಯ ಮುಗಿಸಿದ. ಮೇಲಿನ ಮೂರು ನಂಬರ್ ಒಂದುಗಳ ಪಕ್ಕ ಇದನ್ನಿಟ್ಟು ಭಾವನಿಗೆ ತೋರಿಸಿ.

ಆದರೆ ಒಂದು ಕಡೆ ಭಾವ ನಿಮಗಿಂತ ಮುಂದಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ನಾವು ಹೇಳುವ ಹೆಸರುಗಳೆಲ್ಲ ಗೆದ್ದವರವು. ಎರಡು ವರ್ಷ ಲಿಸ್ಟ್‌ನಲ್ಲಿದ್ದು, ನಾಲ್ಕು ಪಂದ್ಯ ಆಡಿ, ಸದ್ದಿಲ್ಲದೆ ಹಳೇ ಕ್ಲಬ್ಬಿಗೆ ವಾಪಸ್ ಹೋದ ಉದ್ದನೆಯವರ ಹೆಸರು ಯಾರ ಬಾಯಲ್ಲೂ ಇಲ್ಲ. ಅಂಥವರೇ ಜಾಸ್ತಿ. 24ರಲ್ಲಿ ಬಂದವನು ಇನ್ನೂ ದುಪ್ಪಟ್ಟು ಬೆಳೆಯುತ್ತಾನೆ ಅಂತ ಕಾಯುವುದು ಕೂಡ ಸರಿಯಲ್ಲ. ಹೆಚ್ಚು ಕಡಿಮೆ ಈಗ ಏನು ಕಾಣುತ್ತಾನೋ ಅಷ್ಟೇ ಅವನು. ನಿಮ್ಮ ಕ್ಲಬ್ ಇದೇ ಹುಡುಗನನ್ನು 12ನೇ ಆಯ್ಕೆಯಲ್ಲಿ ತಗೊಂಡಿದ್ದರೆ ನಾನೂ ಭಾವನ ಪಕ್ಕ ಕೂತು ಬೈಯುತ್ತಿದ್ದೆ.

ಕೊನೆಯ ಸುತ್ತಿನಲ್ಲಿ ತಗೊಂಡಿದ್ದಾರೆ. ಹಾಗಾದರೆ ಯಾವ ಕೆಲಸಕ್ಕೆ? ಇದು ನಿಮ್ಮ ಗುಂಪಿನಲ್ಲಿ ಯಾರೂ ಕೇಳಿದ ಹಾಗಿಲ್ಲ. ಎಲ್ಲರೂ ಅವನು ಸ್ಟಾರ್ ಆಗುತ್ತಾನಾ ಇಲ್ವಾ ಅಂತಲೇ ಕಿತ್ತಾಡುತ್ತಿದ್ದೀರಿ. ಕ್ಲಬ್ಬಿಗೆ ಸ್ಟಾರ್ ರಕ್‌ಮನ್ ಈಗಾಗಲೇ ಇರಬಹುದು. ಅವನಿಗೆ ಏನಾದರೂ ಆದ ದಿನ ಯಾರು ಅನ್ನುವುದೇ ಚಿಂತೆ. ಮಧ್ಯಮೈದಾನದವನು ಬಿದ್ದರೆ ಅವನ ಜಾಗಕ್ಕೆ ಹತ್ತು ಜನ ಸಿಗುತ್ತಾರೆ. ರಕ್‌ಮನ್ ಬಿದ್ದರೆ ಇನ್ನೊಬ್ಬ ಎರಡು ಮೀಟರ್‌ನವನನ್ನು ಎಲ್ಲಿಂದ ತರುತ್ತೀರಿ? 19ರ ಹುಡುಗನನ್ನು ಅಲ್ಲಿ ನಿಲ್ಲಿಸಿದರೆ ತಿಂದುಹಾಕುತ್ತಾರೆ.

ಬ್ರಿಸ್ಬೇನ್ ಲಯನ್ಸ್ 2024ರಲ್ಲಿ ಈ ಪಾಠ ಒಂದೇ ವಾರದಲ್ಲಿ ಕಲಿಸಿತು. ಅವರ ಮುಖ್ಯ ರಕ್‌ಮನ್ ಆಸ್ಕರ್ ಮೆಕಿನರ್ನಿ, 204 ಸೆಂ.ಮೀ. ಅವನೂ ಮೆಚ್ಯೂರ್-ಏಜ್. ವಿಎಫ್‌ಎಲ್‌ನಲ್ಲಿ ಕೇಸಿ ತಂಡಕ್ಕೆ ಆಡಿಕೊಂಡಿದ್ದವನನ್ನು 2016ರ ಕೊನೆಗೆ, 22ರ ವಯಸ್ಸಿನಲ್ಲಿ ರೂಕಿ ಅಂತ ತಗೊಂಡಿದ್ದರು. ವರ್ಷಗಟ್ಟಲೆ ತಂಡದ ಕಂಬದ ಹಾಗೆ ನಿಂತ. 2024ರ ಸೆಪ್ಟೆಂಬರ್ 21ರಂದು ಜೀಲಾಂಗ್ ಮೇಲೆ ಪ್ರಿಲಿಮಿನರಿ ಫೈನಲ್, ಅಂದರೆ ನಮ್ಮ ಲೆಕ್ಕದ ಸೆಮಿಫೈನಲ್. ಬ್ರಿಸ್ಬೇನ್ 10 ಪಾಯಿಂಟ್‌ನಿಂದ ಗೆದ್ದಿತು. ಮೆಕಿನರ್ನಿಯ ಭುಜ ಜಾರಿತು. ಫೈನಲ್ ಒಂದೇ ವಾರ ದೂರ. ಎದುರಿಗೆ ಸಿಡ್ನಿ, ಅವರ ರಕ್‌ಮನ್ ಬ್ರೋಡಿ ಗ್ರಂಡಿ, ಎರಡು ಸಲದ ಆಲ್-ಆಸ್ಟ್ರೇಲಿಯನ್.

ಬ್ರಿಸ್ಬೇನ್ ಯಾರನ್ನು ಕರೆಯಿತು? ಡಾರ್ಸಿ ಫೋರ್ಟ್. 204 ಸೆಂ.ಮೀ., 31 ವರ್ಷ. 2018ರಲ್ಲಿ ಜೀಲಾಂಗ್ ಅವನನ್ನು ಅಡಿಲೇಡ್ ಕಡೆಯ ಸೆಂಟ್ರಲ್ ಡಿಸ್ಟ್ರಿಕ್ಟ್ ಕ್ಲಬ್‌ನಿಂದ 65ನೇ ಆಯ್ಕೆಯಲ್ಲಿ ತಗೊಂಡಿತ್ತು. ಆಗ ಅವನಿಗೆ 25. ನಿಮ್ಮ ಹುಡುಗನ ಕಥೆಯೇ, ಅಲ್ವಾ? ಜೀಲಾಂಗ್‌ನಲ್ಲಿ ಮೂರು ವರ್ಷ ಇದ್ದು ಆಡಿದ್ದು ಕೆಲವೇ ಪಂದ್ಯ. 2021ರ ಕೊನೆಗೆ ಬ್ರಿಸ್ಬೇನ್‌ಗೆ ಬಂದ. ಅಲ್ಲೂ ಮೆಕಿನರ್ನಿಯ ನೆರಳಲ್ಲೇ ನಿಂತ. ಆ ಆರು ವರ್ಷದಲ್ಲಿ ಯಾವ ದಿನ ಕೇಳಿದ್ದರೂ ಅಭಿಮಾನಿಗಳು ‘ಇವನ್ಯಾಕೆ ಲಿಸ್ಟ್‌ನಲ್ಲಿದ್ದಾನೆ’ ಅನ್ನಬಹುದಿತ್ತು.

ಫೈನಲ್ ದಿನ ಎಂಸಿಜಿಯಲ್ಲಿ ಲಕ್ಷ ಜನ. ಫೋರ್ಟ್ ಅವತ್ತು ಗ್ರಂಡಿಯನ್ನು ಹೊಡೆದುರುಳಿಸಿದ ಅಂತ ನಾನು ಹೇಳುವುದಿಲ್ಲ. ಬಿಟ್ಟುಕೊಡದೆ ನಿಂತ. ಪ್ರತಿ ಸಲ ಮೈ ಕೊಟ್ಟ, ಚೆಂಡು ಗ್ರಂಡಿ ಬಯಸಿದ ಕಡೆಗೆ ಸಲೀಸಾಗಿ ಹೋಗದ ಹಾಗೆ ನೋಡಿಕೊಂಡ. ಉಳಿದದ್ದನ್ನು ಕೆಳಗಿದ್ದವರು ಮಾಡಿದರು. 120-60 ಪಾಯಿಂಟ್, ಬ್ರಿಸ್ಬೇನ್‌ಗೆ ಕಪ್. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಸಿಕ್ಕಿದ್ದು 20 ವರ್ಷದ ವಿಲ್ ಆಶ್‌ಕ್ರಾಫ್ಟ್‌ಗೆ. ಈ ಕೊನೆಯ ವಿವರ ಭಾವನಿಗಾಗಿ. ಎಳೆಯರು ಬೇಡ ಅಂತ ಯಾರೂ ಹೇಳುತ್ತಿಲ್ಲ.

65ನೇ ಆಯ್ಕೆಯಿಂದ ಬಂದ ಒಬ್ಬ ಮನುಷ್ಯ ಆರು ವರ್ಷದ ಮೇಲೆ, ಇನ್ನೊಂದು ಕ್ಲಬ್ಬಿಗೆ, ಒಂದು ಮಧ್ಯಾಹ್ನ ಕೊಟ್ಟ ಲಾಭ ಅದು. ಜೀಲಾಂಗ್‌ಗೆ ಹೊಟ್ಟೆ ಉರಿದಿರಬೇಕು.

ನನಗೆ ನಿಜವಾಗಿ ಯೋಚನೆ ಇರುವುದು ಹೊಸ ನಿಯಮದ ಬಗ್ಗೆ. ಹಿಂದೆ ರಕ್‌ಮನ್‌ಗಳು ದೂರದಿಂದ ಓಡಿ ಬಂದು ಮಂಡಿಗೆ ಮಂಡಿ ಕುಟ್ಟಿಕೊಂಡು ಗಾಯ ಮಾಡಿಕೊಳ್ಳುತ್ತಿದ್ದರು. ಅದಕ್ಕೇ 2005ರಲ್ಲಿ ಮಧ್ಯದಲ್ಲಿ 10 ಮೀಟರ್ ಅಗಲದ ವೃತ್ತ ಬಂತು, ಅದರೊಳಗಿನಿಂದಲೇ ಓಡಿ ಹಾರಬೇಕು. ಓಟ ಕಡಿಮೆಯಾದ ಮೇಲೆ ಕುಸ್ತಿ ಜಾಸ್ತಿ ಆಯಿತು. ಗಟ್ಟಿ ಮೈಯವರಿಗೆ ಸುಗ್ಗಿ. 2026ರಿಂದ ಅದೂ ಬದಲು. ಮಧ್ಯದಲ್ಲಿ ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದು ಪುಟಿಸುವುದಿಲ್ಲ, ಮೇಲಕ್ಕೆ ಎಸೆಯುತ್ತಾರೆ. ರಕ್‌ಮನ್ ನಡುಗೆರೆ ದಾಟಿ ಎದುರಾಳಿಗೆ ಮೊದಲೇ ಮೈ ತಾಗಿಸುವ ಹಾಗೂ ಇಲ್ಲ. ಅಂದರೆ ಅಲ್ಲಿ ಈಗ ಹಾರುವವನ ಕಾಲ. ಪ್ರತಿ ಕ್ವಾರ್ಟರ್‌ನ ಶುರುವಿಗೆ ಒಂದು, ಪ್ರತಿ ಗೋಲಿನ ನಂತರ ಒಂದು ಅಂತ ಲೆಕ್ಕ ಹಾಕಿ. ಮೇಲಿನ ಫೈನಲ್‌ನಲ್ಲಿ ಎರಡೂ ಕಡೆ ಸೇರಿ 27 ಗೋಲು ಆದವು. ಸುಮಾರು 30 ಸಲ ಮಧ್ಯದಿಂದ ಆಟ ಶುರು ಅಂತಾಯಿತು. ಚಿಕ್ಕ ಸಂಖ್ಯೆ ಅಲ್ಲ.

ಹಾಗಾಗಿ ನಿಮ್ಮ 203 ಸೆಂ.ಮೀ. ಹುಡುಗ ಮೈಯ ಬಲದಿಂದ ಮಾತ್ರ ವಿಎಫ್‌ಎಲ್‌ನಲ್ಲಿ ಮೆರೆದವನಾದರೆ ಸ್ವಲ್ಪ ಕಷ್ಟ ಇದೆ. ಹಾರುವವನಾದರೆ ಕ್ಲಬ್ ಸರಿಯಾದ ವರ್ಷದಲ್ಲೇ ಕೈ ಹಾಕಿದೆ. ಬೌಂಡರಿ ಥ್ರೋ-ಇನ್‌ಗಳಲ್ಲಿ, ಮೈದಾನದ ಬೇರೆ ಕಡೆಗಳಲ್ಲಿ ಕುಸ್ತಿ ಇನ್ನೂ ಇದ್ದೇ ಇದೆ. ಬಲವೇನೂ ವ್ಯರ್ಥ ಆಗುವುದಿಲ್ಲ.

ಇದನ್ನು ಟಿವಿಯಲ್ಲಿ ನೋಡಿ ತಿಳಿಯಲು ಆಗುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಅವನು ಮೊದಲ ತಂಡಕ್ಕೆ ಬರುವ ಮುಂಚೆ ವಿಎಫ್‌ಎಲ್‌ನಲ್ಲಿ ಆಡಿಸುತ್ತಾರೆ. ವೆರಿಬೀ ಮೇಲೆ ಪಂದ್ಯ ಬಿದ್ದ ದಿನ ಚರ್ನ್‌ಸೈಡ್ ಪಾರ್ಕ್‌ಗೆ ಮಗನನ್ನೂ ಭಾವನನ್ನೂ ಕರೆದುಕೊಂಡು ಹೋಗಿ. 2024ರಲ್ಲಿ ವಿಎಫ್‌ಎಲ್ ಕಪ್ ಗೆದ್ದ ಕ್ಲಬ್ ಅದು, ಹುಡುಗನಿಗೆ ಸರಿಯಾದ ಪರೀಕ್ಷೆ. ಎಎಫ್‌ಎಲ್ ಕ್ಲಬ್‌ಗಳ ಹೆಚ್ಚುವರಿ ಆಟಗಾರರೂ ಆ ಟೂರ್ನಿಯಲ್ಲಿ ಆಡುತ್ತಾರೆ. ಆದ್ದರಿಂದ ಎದುರಿಗೆ ನಿಲ್ಲುವವರು ಅವನ ಅಳತೆಯವರೇ. ಬೆಚ್ಚಗೆ ಹಾಕಿಕೊಂಡು ಹೋಗಿ, ಅಲ್ಲಿ ಗಾಳಿ ಜಾಸ್ತಿ.

ಚೆಂಡನ್ನು ತಟ್ಟುವುದನ್ನು ಎಲ್ಲರೂ ನೋಡುತ್ತಾರೆ. ನೀವು ತಟ್ಟಿದ ಮೇಲಿನ ಐದು ಸೆಕೆಂಡು ನೋಡಿ. ನೆಲಕ್ಕೆ ಬಂದ ಕೂಡಲೇ ಓಡುತ್ತಾನಾ, ಇಲ್ಲ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನಾ? ಕೊನೆಯ ಕ್ವಾರ್ಟರ್‌ನಲ್ಲಿ ತನ್ನ ಗೋಲಿನ ಮುಂದಕ್ಕೆ ಓಡಿಬಂದು, ಎದುರಾಳಿ ದೂರದಿಂದ ಒದ್ದ ಚೆಂಡನ್ನು ಹಿಡಿಯುತ್ತಾನಾ? ಎದುರಾಳಿ ರಕ್‌ಮನ್ ಅವನನ್ನು ಬಿಟ್ಟು ಮುಂದೆ ಓಡಿದಾಗ ಹಿಂದೆ ಹೋಗುತ್ತಾನಾ? ಮೊದಲ ಕ್ವಾರ್ಟರ್‌ಗೂ ಕೊನೆಯದಕ್ಕೂ ವ್ಯತ್ಯಾಸ ಬರೆದಿಟ್ಟುಕೊಳ್ಳಿ. 24ರ ಉದ್ದನೆಯವನು ಎಎಫ್‌ಎಲ್‌ನಲ್ಲಿ ಸೋಲುವುದು ಹೆಚ್ಚಾಗಿ ಉಸಿರಿನಲ್ಲಿ. ಕೈಚಳಕದಲ್ಲಿ ಅಲ್ಲ.

ಜೆರ್ಸಿ ವಿಷಯ. ಇಂಥ ಆಟಗಾರರ ಒಪ್ಪಂದ ಚಿಕ್ಕದು. ಮುಂದಿನ ವರ್ಷ ಲಿಸ್ಟ್‌ನಲ್ಲಿ ಇರುತ್ತಾನೋ ಇಲ್ಲವೋ, ಇದ್ದರೂ ಅದೇ ನಂಬರ್ ಇರುತ್ತದೋ ಇಲ್ಲವೋ, ಯಾವುದಕ್ಕೂ ಗ್ಯಾರಂಟಿ ಇಲ್ಲ. ಬುದ್ಧಿವಂತರು ಒಂದು ಸೀಸನ್ ಕಾಯುತ್ತಾರೆ. ಆದರೆ ನಿಮ್ಮ ಮಗ ಹೆಸರಾಂತ ಆಟಗಾರರನ್ನೆಲ್ಲ ಬಿಟ್ಟು ಇನ್ನೂ ಒಂದು ಪಂದ್ಯ ಆಡದ ರಕ್‌ಮನ್‌ನನ್ನು ಆರಿಸಿಕೊಂಡಿದ್ದಾನೆ. ಈ ಸಲವೇ ಹಾಕಿಸಿ. ದುಡ್ಡು ಭಾವ ಕೊಡಲಿ. ಹುಡುಗ ಮೊದಲ ತಂಡದಲ್ಲಿ ಹತ್ತು ಪಂದ್ಯ ಆಡಿದರೆ ವಾಪಸ್ ಕೇಳುವ ಹಾಗಿಲ್ಲ ಅಂತ ಷರತ್ತು ಇರಲಿ.